ತಾವು ಕುಡಿದ ಚಹಾವನ್ನು ಹಿಂಪಡೆಯುವ ಬಗ್ಗೆ

ಅಂಗವಿಕಲರ ನೆರವು ಇಲಾಖೆಯ ಪರವಾಗಿ ಮನೆಮನೆಗೆ ಹೋಗಿ, ಯಾರ ಕೈಲಿ ಏನೇನು ಆಗುವುದಿಲ್ಲ ಎಂದು ಅಳೆದು ಬರುವ ತನಿಖಾಧಿಕಾರಿಗಳಿಗೆ, ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಹೊರಡುವ ವೇಳೆ ಕೂಗಿ ಹೇಳುವ, ಗಾಲಿಕುರ್ಚಿಯ ಹೆಂಗಸೊಬ್ಬಳು ಮಾಡುವ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ನನ್ನ ಸೌಖ್ಯದ ವಿಚಾರ ತಮ್ಮ ವರದಿಯಲ್ಲೇ ಇದೆ. ಅದನ್ನು ಓದಿ ನನಗೇ ನನ್ನ ಮೇಲೆ ಹೊಟ್ಟೆಕಿಚ್ಚಾಯಿತು.

ಕಳೆದ ತಿಂಗಳು ನನ್ನ ರಜೆಯ ದಿನ ತಾವು ನಮ್ಮ ಮನೆಗೆ ದಯಮಾಡಿಸಿದಿರಿ. ಬಂದವರನ್ನು ಬರಿಬಾಯಲ್ಲಿ ಕಳಿಸಬಾರದೆಂದು ಅಮ್ಮ ಕಲಿಸಿದ್ದರಿಂದ, ಕುರ್ಚಿ ಉರುಳಿಸಿಕೊಂಡು ಅಡುಗೆಮನೆಗೆ ಹೋದೆ. ನನ್ನ ಎಡಗೈಗೆ ಹಿಡಿತವಿಲ್ಲ, ಬಲಗೈ ಗಲ್ಲಕ್ಕಿಂತ ಮೇಲೆ ಏಳುವುದಿಲ್ಲ. ಹಾಗಾಗಿ ಪುಟ್ಟ ಲೋಟದಲ್ಲಿ ಆರು ಸಲ ನೀರು ಸಾಗಿಸಿ, ಚಹಾಪುಡಿಯ ಡಬ್ಬಿಯ ಮುಚ್ಚಳವನ್ನು ಹಲ್ಲಿನಿಂದ ಕಿತ್ತು, ಮಣಿಕಟ್ಟು ಸುಟ್ಟುಕೊಂಡು, ಅದು ಕಾಣದಂತೆ ಅಂಗಿಯ ತೋಳು ಎಳೆದುಕೊಂಡು, ತಟ್ಟೆಯನ್ನು ತೊಡೆಯ ಮೇಲಿಟ್ಟು ತರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ತಾವು ಹಳೆಯ ವಾರಪತ್ರಿಕೆ ಓದುತ್ತ ಕೂತಿದ್ದಿರಿ. ನೀವೇ ಮಾಡಿದ್ದಾ ಎಂದು ಕೇಳಿದಿರಿ. ನಾನು ಎದೆಯುಬ್ಬಿಸಿ, ನಾನೇ ಎಂದೆ.

ಬಾಯಿ ಒರೆಸಿಕೊಂಡು ತಾವು ಬರೆದ ಸಾಲು ಈಗ ನನಗೆ ಬಾಯಿಪಾಠವಾಗಿದೆ: "ಬಿಸಿ ಪಾನೀಯ ತಯಾರಿಕೆ: ಪರಸಹಾಯವಿಲ್ಲದೆ, ಉತ್ಸಾಹದಿಂದ." ಈ ಒಂದೇ ಸಾಲಿನಿಂದ ತಮ್ಮ ಇಲಾಖೆ ಎಲ್ಲೆಲ್ಲಿಗೆ ತಲುಪಿತು ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಚಹಾ ಕಾಸುವವಳು ಬೆನ್ನು ತಿಕ್ಕಿಕೊಳ್ಳಬಲ್ಲಳು, ಬೆನ್ನು ತಿಕ್ಕಿಕೊಳ್ಳುವವಳು ಅಂಗಿ ತೊಡಬಲ್ಲಳು, ಅಂಗಿ ತೊಡುವವಳು ತಲೆ ಬಾಚಿಕೊಳ್ಳದೇ ಇರುತ್ತಾಳೆಯೇ? ವೈದ್ಯರು ಇಪ್ಪತ್ತು ವರ್ಷ ಔಷಧಿ ಕೊಟ್ಟರೂ ಆಗದಿದ್ದುದನ್ನು ತಾವು ಒಂದು ಲೋಟ ಚಹಾದಲ್ಲಿ ಸಾಧಿಸಿದ್ದೀರಿ. ತಮ್ಮನ್ನು ಯಾವುದಾದರೂ ದೊಡ್ಡ ಆಸ್ಪತ್ರೆಗೆ ವರ್ಗ ಮಾಡಬೇಕೆಂದು ಬೇರೆ ಪತ್ರ ಬರೆಯುತ್ತಿದ್ದೇನೆ.

ಫಲವಾಗಿ, ಇಲಾಖೆಯ ನೆರವಿನಿಂದ ದಿನಾ ಆರೂವರೆಗೆ ಬಂದು ಎಂಟೂವರೆವರೆಗೆ ಇರುತ್ತಿದ್ದ ನನ್ನ ಸಹಾಯಕಿ ಈಗ ಎಂಟೂವರೆಗೆ ಬಂದು ಒಂಬತ್ತಕ್ಕೆ ಹೊರಡುತ್ತಾಳೆ. ಹಾಸಿಗೆಯಿಂದ ಕುರ್ಚಿಗೆ ನನ್ನನ್ನು ಎತ್ತಿ ಕೂರಿಸುವವಳು ಅವಳೇ. ನನ್ನ ಕೆಲಸ ಶುರುವಾಗುವುದೂ ಒಂಬತ್ತಕ್ಕೇ. ಬಂದವಳೇ, "ಇವತ್ತು ಸ್ನಾನವೋ ತಲೆಯೋ, ಒಂದು ಹೇಳಿ ಅಕ್ಕಾ," ಎನ್ನುತ್ತಾಳೆ. ಸ್ನಾನವಾದ ದಿನ ನಾನು ಗುಬ್ಬಿಗೂಡಿನಂಥ ತಲೆ ಹೊತ್ತು ಹೋಗುತ್ತೇನೆ. ತಲೆಯಾದ ದಿನ ಸಹೋದ್ಯೋಗಿಗಳು ಕಿಟಕಿ ತೆರೆಯುತ್ತಾರೆ. ಅಂತೂ ಅಂದಿನಿಂದ ಒಂದು ದಿನವೂ ವೇಳೆಗೆ ಹೋದದ್ದಿಲ್ಲ. ಮೊನ್ನೆ ನಾನು ತಲುಪುವಷ್ಟರಲ್ಲಿ ಮೇಲ್ವಿಚಾರಕರು ತಾವೇ ಮೈಕು ಹಿಡಿದು, ಪರೀಕ್ಷೆಗೆ ಹೊರಟ ಒಂದಿಡೀ ತರಗತಿಯನ್ನು ಪ್ರಾಣಿಸಂಗ್ರಹಾಲಯದ ಬಸ್ಸಿಗೆ ಹತ್ತಿಸಿ ಕಳಿಸಿದ್ದರು. ಮಕ್ಕಳು ತಮಗೆ ಋಣಿಗಳಾಗಿದ್ದಾರೆ. ಮೇಲ್ವಿಚಾರಕರು ಮಾತ್ರ, ತಿಂಗಳ ಕೊನೆಯವರೆಗೆ ನೋಡಿ ಆ ಜಾಗದಲ್ಲಿ ಧ್ವನಿ ಮುದ್ರಿಸಿದ ಪೆಟ್ಟಿಗೆ ಇಡಿಸುತ್ತೇನೆ ಎಂದಿದ್ದಾರೆ. ಪೆಟ್ಟಿಗೆಗೆ ಸ್ನಾನ ಬೇಕಿಲ್ಲ ನೋಡಿ.

ಇದು ನನಗೆ ಸಂಬಳದ ಮಾತಲ್ಲ, ಮಾನ್ಯರೇ. ಆ ಗಾಜಿನ ಕೋಣೆಯಲ್ಲಿ ಕೂತು ನಾನು ಹೇಳಿದರೆ ಇನ್ನೂರು ಜನ ಗಂಟುಮೂಟೆ ಎತ್ತಿಕೊಂಡು ಓಡುತ್ತಾರೆ. ಮಿಕ್ಕ ಹೊತ್ತೆಲ್ಲ ಇನ್ನೊಬ್ಬರು ಎತ್ತಿದರೆ ಏಳುವ ನನಗೆ ಅದೆಂಥ ಸುಖ ಎಂದು ತಮಗೆ ತಿಳಿಯದು. ಅದು ಹೋಗುತ್ತದೆಂದು ನನಗೆ ಭಯವಾಗಿದೆ.

ನನ್ನ ತಮ್ಮನಂತೂ ವರದಿ ಓದಿ ನನ್ನ ಮೇಲೇ ಹರಿಹಾಯ್ದ. "ನಿನಗೆ ಯಾರಕ್ಕಾ ಹೇಳಿದ್ದು ಚಹಾ ಕೊಡು ಅಂತ? ಅವರು ಬಂದಾಗ ಸುಮ್ಮನೆ ನರಳ್ತಾ ಮಲಗಿರಬೇಕಿತ್ತು." ಅವನು ಹೇಳುವುದು ನಿಜ. ಆದರೆ ನರಳುವುದು ನನಗೆ ಚೆನ್ನಾಗಿ ಬರುವುದಿಲ್ಲ, ಜಂಬ ಚೆನ್ನಾಗಿ ಬರುತ್ತದೆ, ತಪ್ಪು ನನ್ನದೇ.

ಆದ್ದರಿಂದ ತಾವು ಕುಡಿದ ಚಹಾವನ್ನು ಕುಡಿದೇ ಇಲ್ಲವೆಂದು ದಾಖಲಿಸಿ, ಸಹಾಯಕಿಯ ಒಂದೂವರೆ ಗಂಟೆಯನ್ನು ಹಿಂದಿರುಗಿಸಬೇಕೆಂದು ಕೋರುತ್ತೇನೆ. ಅದಕ್ಕೆ ನಿಯಮ ಅಡ್ಡ ಬಂದರೆ ಇನ್ನೊಂದು ದಾರಿಯಿದೆ. ತಮ್ಮ ವರದಿಯಲ್ಲಿ ನನ್ನ ಹೆಸರಿನ ಒಬ್ಬ ಹೆಂಗಸಿದ್ದಾಳಲ್ಲ, ಎಂಥ ಚುರುಕು, ಎಂಥ ಉತ್ಸಾಹ! ಅವಳನ್ನು ದಿನಾ ಬೆಳಿಗ್ಗೆ ಆರೂವರೆಗೆ ನಮ್ಮ ಮನೆಗೆ ಕಳಿಸಿಕೊಡಿ. ನನ್ನನ್ನು ಎತ್ತಿ, ಸ್ನಾನ ಮಾಡಿಸಿ, ತಲೆ ಬಾಚಲಿ. ಅವಳಿಗೆ ಪರಸಹಾಯ ಬೇಕಿಲ್ಲವಾದ್ದರಿಂದ ಇಲಾಖೆಗೂ ಹೊರೆಯಾಗುವುದಿಲ್ಲ.

ಇಂತು, ಇನ್ನೂ ತಲೆ ಬಾಚಿಕೊಳ್ಳದ,
ತಮ್ಮ ವಿಶ್ವಾಸಿ

ತಾ.ಕ.: ವರದಿ ಕೈಸೇರಿದ ದಿನವೇ ನಾನು ಹಾಕಿದ್ದ ಮೇಲ್ಮನವಿಗೆ, ಈ ಪತ್ರ ಮುಗಿಸುವಾಗಲೇ ತಮ್ಮ ಕಚೇರಿಯ ಉತ್ತರ ಬಂತು. ಅದರ ಮರುಪರಿಶೀಲನೆಗೆ ತಾವು ಸೋಮವಾರ ಬೆಳಿಗ್ಗೆ ಎಂಟಕ್ಕೆ ಬರುವಿರಂತೆ, ಅರ್ಜಿದಾರರೇ ಬಂದು ಬಾಗಿಲು ತೆರೆಯದಿದ್ದರೆ ಮನವಿ ವಜಾ ಆಗುವುದಂತೆ. ಎದ್ದು ಬಂದು ತೆರೆದರೆ ನನಗೆ ಸಹಾಯ ಬೇಡವೆಂದಾಯಿತು, ತೆರೆಯದಿದ್ದರೆ ಮನವಿಯೇ ಬೇಡವೆಂದಾಯಿತು. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಗೆ ಅಭಿನಂದನೆಗಳು. ಆದರೂ ದಯವಿಟ್ಟು ಹಿಂದಿರುಗಬೇಡಿ. ಸಹಾಯಕಿಯ ಬಳಿ ಬೀಗದ ಕೈ ಇದೆ, ಎಂಟೂವರೆಗೆ ಬರುತ್ತಾಳೆ. ಅಲ್ಲಿಯವರೆಗೆ ತಾವು ಬಾಗಿಲ ಹೊರಗೆ, ನಾನು ಹಾಸಿಗೆಯಲ್ಲಿ, ಇಬ್ಬರೂ ಅವಳ ದಾರಿ ಕಾಯೋಣ. ಆ ಅರ್ಧ ಗಂಟೆ ಅವಳಿಲ್ಲದೆ ತಮ್ಮ ಕೈಲಿ ಏನೇನು ಆಗಲಿಲ್ಲ ಎಂಬುದನ್ನೂ ವರದಿಯಲ್ಲಿ ಬರೆದುಕೊಳ್ಳಿ.