ಗುವಾಹಟಿ ಎಷ್ಟು ಹೊತ್ತಿನ ಬುತ್ತಿ?

ಸಿಂದಗಿ ಬಸ್‌ಸ್ಟ್ಯಾಂಡ್ ಮುಂದ ನಂದೊಂದು ಟಿಕೆಟ್ ಬುಕಿಂಗ್ ಅಂಗಡಿ ಐತಿ. ಯಾವ ವಿಮಾನ ಎಷ್ಟು ದೂರ, ಎಷ್ಟು ತಾಸು, ಎಲ್ಲಾ ಕಂಪ್ಯೂಟರ್‌ನ್ಯಾಗ ಬರತೈತಿ. ನಾ ಓದಿ ಹೇಳಿದ್ರ ಸಾಕು, ಮುಂದ ಕುಂತವ್ರು ನನಗ ಬುದ್ಧಿ ಕಲಿಸೇ ಏಳ್ತಾರ. ಬ್ಯಾಸರ ಅನ್ನೂದ ಗೊತ್ತಿಲ್ಲ ನನಗ.

ದಿಲ್ಲಿ ಹತ್ರ

ತಾಳಿಕೋಟಿ ಸಾಹುಕಾರ್ರು ಒಬ್ರು ಬಂದ್ರು. "ಹೈದರಾಬಾದಿನಿಂದ ದಿಲ್ಲಿಗೆ ವಿಮಾನ ಎಷ್ಟು ಹೊತ್ತು ತಗೋತೈತ್ರಿ?"

"ಎರಡೂಕಾಲು ತಾಸ್ರಿ."

"ಇಲ್ಲಿಂದ ಹೈದರಾಬಾದಿಗೆ?"

"ಬಸ್ಸಿನ್ಯಾಗ ಏಳೆಂಟು ತಾಸ್ರಿ."

ಹಣಿ ಹಣಿ ಬಡಕೊಂಡ್ರು. ದಿಲ್ಲಿಗೆ ಹೋಗಾಕೂ ಮೊದಲ ಹೈದರಾಬಾದ್ ಮುಟ್ಟಬೇಕ್ರಿ ಅಂತ ನಾ ಬಾಯಿ ತೆಗಿಯೂದ್ರಾಗ ಹೇಳೇಬಿಟ್ರು: "ದೂರ ಆಗತೈತಿ ಅಂತ ದಿಲ್ಲಿ ವರಾ ಬಿಟ್ಟು ಮಗಳನ್ನ ಹೈದರಾಬಾದಿಗೆ ಕೊಟ್ಟು ಕೆಟ್ಟೆನಲ್ರಿ!"

ಹೊಟ್ಟಿ ಇಲ್ಲದ ಕಂಪ್ಯೂಟರ್

ದೇವಣಗಾಂವದ ಆಯಿ ಒಬ್ಬಾಕಿದು ಬ್ಯಾರೇನ ಕಥಿ. ಅಳಿಯ ಮಿಲಿಟರಿಯಾಗ, ಗುವಾಹಟಿ ಕಡೆ ಡ್ಯೂಟಿ. ಮಗಳಿಗೆ ಚೊಚ್ಚಲ, ದಿನಾ ತುಂಬ್ಯಾವು. ಪ್ರಯಾಣ ಬ್ಯಾಡ ಅಂತ ಡಾಕ್ಟರು ಹೇಳಿದ್ದಕ್ಕ ತವರಿಗೆ ಬರಾಕ ಆಗಿಲ್ಲ. ಅಳಿಯಗ ರಜಾ ಸಿಕ್ಕಿಲ್ಲ.

"ತಮ್ಮಾ, ಕೂಸು ಹುಟ್ಟೂದ್ರಾಗ ನಾ ಆಕಿ ಕಡೆ ಇರಬೇಕು. ಎಷ್ಟು ಹೊತ್ತಿನ ಬುತ್ತಿ ಕಟ್ಟಲಿ?"

"ಬುತ್ತಿ ಯಾಕಬೇ ಆಯಿ? ಹೈದರಾಬಾದಿನ್ಯಾಗ ಹತ್ತಿದ್ರ ಎರಡೂಮುಕ್ಕಾಲು ತಾಸಿಗೆ ಇಳಿಸ್ತಾರ."

"ದೂರ ಎಷ್ಟು?"

"ಹದಿನಾರನೂರು ಕಿಲೋಮೀಟರಿನ ಮ್ಯಾಲ."

"ಅಷ್ಟು ದೂರಕ್ಕ ಬುತ್ತಿ ಬ್ಯಾಡಂತಿ! ನಿನ್ನ ಕಂಪ್ಯೂಟರಿಗೆ ಹೊಟ್ಟಿ ಇಲ್ಲ, ಅದಕ್ಕೇನು ತಿಳಿತೈತೋ?"

ನಲವತ್ತು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೊಂಟ್ಲು. ನಾ ಬಿದ್ದುಬಿದ್ದು ನಕ್ಕೆ.

ವಿಮಾನ ಹೊಡಿಯಾಂವ

ಆ ದಿನ ವಿಮಾನ ಐದು ತಾಸು ತಡಾ. ಮುಂಜಾನೆ ಏರ್‌ಪೋರ್ಟಿಗೆ ಹೋಗಿ ಕುಂತ ಆಯಿ ಮಧ್ಯಾಹ್ನ ಆದ್ರೂ ಅಲ್ಲೇ. ಅಷ್ಟರಾಗ ಮಗಳಿಗೆ ಹೆರಿಗಿ ಬ್ಯಾನಿ ಸುರು ಆತು ಅಂತ ಅಳಿಯ ಆಯಿಗೂ ನನಗೂ ಫೋನಿನ್ಯಾಗ ತಿಳಿಸಿದ. ನನ್ನ ನಗು ಎಲ್ಲೋ ಹೋತು. ಟಿಕೆಟ್ ತಗದಾಂವ ನಾನ ಅಲ್ಲೇನು? ಹೆದರಿಕೋತ ಆಯಿಗೆ ಫೋನ್ ಹಚ್ಚಿದೆ.

"ಏನ ಮಾಡಾಕತ್ತೀಬೇ?"

"ರೊಟ್ಟಿ ಹಂಚಾಕತ್ತೇನಿ. ನಿನ್ನಂಥವರ ಮಾತು ಕೇಳಿ ಬುತ್ತಿ ಇಲ್ಲದ ಬಂದ ಮಂದಿ ಪಾಪ, ಹಸ್ದು ಕುಂತೈತಿ." ಮಾತು ಗಟ್ಟಿ ಇತ್ತು, ದನಿ ಮಾತ್ರ ನಡಗತಿತ್ತು. ಅಂಥಾದ್ರಾಗೂ ಇನ್ನೊಬ್ಬರ ಹೊಟ್ಟಿ ಚಿಂತಿ! ಕುಂತಲ್ಲೇ ಕೈ ಮುಗಿದೆ ನಾ.

ಮರುದಿನ ಫೋನ್ ಬಂತು. "ಮುಟ್ಟಿದೆ ತಮ್ಮಾ. ದವಾಖಾನಿ ಒಳಗ ಹೋದೆ, ಮಗಳು ಕೈ ಹಿಡಕೊಂಡ್ಲು. ಹತ್ತು ನಿಮಿಷಕ್ಕ ಮಮ್ಮಗಳು ಹುಟ್ಟಿದ್ಲು."

ನನ್ನ ಕಣ್ಣಾಗ ನೀರು. "ಹತ್ತ ನಿಮಿಷ! ಕೂದಲೆಳಿಯಾಗ ಉಳದೀ ನೋಡು ಆಯಿ."

"ಹೂಂ ಮತ್ತ. ವಿಮಾನ ಹಾದ್ಯಾಗ ಹದಿನೈದು ನಿಮಿಷ ಉಳಿಸಿ ಇಳಿಸ್ತಂತ."

"ಹಿಂದಿನಿಂದ ಗಾಳಿ ಬೀಸಿರಬೇಕು."

"ಎಲ್ಲಿ ಗಾಳಿಯೋ ಹುಚ್ಚಪ್ಪ! ವಿಮಾನ ಹೊಡಿಯಾಂವ ನಮ್ಮ ಮುಂದನ ಒಳಗ ಹೊಂಟಿದ್ದ. ನಿಲ್ಲಿಸಿ, ಎರಡು ರೊಟ್ಟಿ ಚಟ್ನಿ ಕೈಯಾಗ ಇಟ್ಟೆ. ನಮ್ಮೂರ ಬಸ್ಸಿನ ಡ್ರೈವರಗೂ ಕೊಡ್ತೇನಿ. ಹಸ್ದ ಹೊಟ್ಟಿಲೆ ಯಾರರೆ ಲಗೂ ಹೊಡಿತಾರೇನು?"