ಖಾಲಿ ಪಿಕಪ್ಪಿನ ಮೈಲೇಜು

ಒಂದು ಲೀಟರ್ ಡೀಸೆಲ್ಲಿಗೆ ಹದಿನೇಳು ಕಿಲೋಮೀಟರ್ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ ಮೇಲೆ ಹದಿನೇಳು ಬರಬೇಕು. ಹನ್ನೊಂದು ಬಂದರೆ ಅದಕ್ಕೆ ನಾಗರಿಕರ ಭಾಷೆಯಲ್ಲಿ ಏನೆನ್ನಬೇಕೆಂದು ನನಗೆ ತಿಳಿಯದು. ಮಾಸ್ತಿಕಟ್ಟೆಯಲ್ಲಿ ಮೂವತ್ತೊಂದು ವರ್ಷ ಅಣೆಕಟ್ಟಿನ ನೀರಿನ ಮಟ್ಟವನ್ನು ದಶಮಾಂಶದ ಎರಡನೆಯ ಸ್ಥಾನದವರೆಗೆ ಬರೆದು ನಿವೃತ್ತನಾದವನು ನಾನು. 'ಸುಮಾರು', 'ಹೆಚ್ಚುಕಡಿಮೆ' ಎಂಬ ಪದಗಳು ನನ್ನ ಕಚೇರಿಯ ಹೊಸ್ತಿಲನ್ನು ಎಂದೂ ದಾಟಲಿಲ್ಲ. (ಮನೆಯ ಹೊಸ್ತಿಲನ್ನು ಮದುವೆಯ ದಿನವೇ ದಾಟಿ ಒಳಬಂದವು.)

ಹೊಸನಗರದಲ್ಲಿ ನನ್ನ ಧರ್ಮಪತ್ನಿ ಶಾಂತಮ್ಮ ಸಮಾರಂಭಗಳಿಗೆ ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತಾಳೆ. ಅವನ್ನು ಸಾಗಿಸಲು ವಾಹನ ಕೊಳ್ಳಲೆಂದು ಸಾಗರಕ್ಕೆ ಹೋದೆವು. ಅಲ್ಲಿದ್ದ ಒಂದು ಪಿಕಪ್ಪು ಒಂದೂಮುಕ್ಕಾಲು ಟನ್ ಹೊರುತ್ತಿತ್ತು, ಲೀಟರಿಗೆ ಹನ್ನೆರಡು ಕೊಡುತ್ತಿತ್ತು. ಇನ್ನೊಂದು ಒಂದೇ ಟನ್ ಹೊರುತ್ತಿತ್ತು, ಹದಿನೇಳು ಕೊಡುತ್ತಿತ್ತು. ಆಕೆ ಮೊದಲನೆಯದರ ಬಾನೆಟ್ಟಿನ ಮೇಲೆ ಕೈಯಿಟ್ಟಳು, ನಾನು ಎರಡನೆಯದರ ಕರಪತ್ರದ ಮೇಲೆ. ಕರಪತ್ರ ಗೆದ್ದಿತು. ಆದರೆ ಆಕೆ ಆ ಗಾಡಿಯ ಮೇಲೆ ಸ್ಟೀಲು, ಹಿತ್ತಾಳೆ, ಒಲೆ, ಬೆಂಚುಗಳೆಲ್ಲವನ್ನೂ ಹೇರಿ ಹದಿನೇಳನ್ನು ಹನ್ನೊಂದಕ್ಕೆ ಇಳಿಸಿದಳು.

"ಗಾಡಿ ತಂದಿದ್ದು ಭಾರ ಹೊರಕ್ಕೋ, ಅಳೆಯಕ್ಕೋ?" ಎಂದಳು.

"ಎರಡಕ್ಕೂ."

"ಹಂಗಾದ್ರೆ ನೀವು ಅಳೀತಾ ಕೂತ್ಕಳಿ. ನಾನು ಹೊರಿಸ್ತೀನಿ."

ಈ ವಾಗ್ಯುದ್ಧ ಕಳೆದ ತಿಂಗಳು ಒಂದು ಒಪ್ಪಂದಕ್ಕೆ ಬಂತು. ಮೇಳಿಗೆಯ ಒಂದು ಮನೆಯಲ್ಲಿ ಮದುವೆ ಮುಗಿದಿತ್ತು. ಅಲ್ಲಿದ್ದ ಪಾತ್ರೆಗಳು ಸಂಜೆಯೊಳಗೆ ಸಾಗರದ ಯಮುನಮ್ಮನವರ ಮನೆಗೆ ತಲುಪಬೇಕಿತ್ತು, ಏಕೆಂದರೆ ಮರುದಿನ ಅಲ್ಲಿ ನಾಮಕರಣ. ಮೇಳಿಗೆಗೆ ಹೋಗುವಾಗ ಗಾಡಿ ಖಾಲಿ. ಆ ಖಾಲಿ ಪ್ರಯಾಣದಲ್ಲಿ ಹದಿನೇಳು ಬಂದರೆ ಮುಂದೆ ಯಾವ ಟ್ರಿಪ್ಪಿಗೆ ಎಷ್ಟು ಭಾರವೆಂಬ ನಿರ್ಣಯ ನನ್ನದು. ಬಾರದಿದ್ದರೆ ಜೀವಮಾನದಲ್ಲಿ ಡೀಸೆಲ್ ಎಂಬ ಪದವನ್ನು ನಾನು ಉಚ್ಚರಿಸಕೂಡದು.

ಚಾಲಕ ದಿನೇಶ್, ಶಾಂತಮ್ಮ, ಕಿಟಕಿಯ ಬಳಿ ನಾನು, ಹೀಗೆ ಮೂವರು ಹೊರಟೆವು. ಚಾಲಕನ ಮುಂದಿದ್ದ ಪುಟ್ಟ ಪರದೆಯಲ್ಲಿ ಮೈಲೇಜು ಹದಿನೆಂಟು ಪಾಯಿಂಟ್ ಒಂದು. ನಾನು ಆಕೆಯ ಕಡೆ ನೋಡಿದೆ. ಆಕೆ ಹೊಳೆಯ ಕಡೆ ನೋಡಿದಳು.

ತೀರ್ಥಹಳ್ಳಿಯಲ್ಲಿ ಆಕೆಯ ಅಣ್ಣ ಹೂವಪ್ಪ ಕೈ ಅಡ್ಡ ಹಿಡಿದ. ಕಟ್ಟಡದ ಗುತ್ತಿಗೆದಾರ. ಅದೇ ಮದುವೆ ಮನೆಯ ಪಕ್ಕದಲ್ಲಿ ಅವನದೊಂದು ಸ್ಲ್ಯಾಬ್ ಕೆಲಸವಿತ್ತು.

"ಬಾವ, ಹೆಂಗೂ ಖಾಲಿ ಹೋಗ್ತಿದೀರಲ್ಲ. ಐದು ಮೂಟೆ ಸಿಮೆಂಟ್ ಹಾಕ್ಕಳಿ. ಕಾಂಕ್ರೀಟ್ ಮಿಕ್ಸರ್ ಹಿಂದೆ ಕಟ್ಕಂಡ್ರೆ ಆತು, ಅದು ತಾನೇ ಉರುಳ್ಕಂಡ್ ಬರ್ತದೆ."

ಐದು ಮೂಟೆಯೆಂದರೆ ಇನ್ನೂರೈವತ್ತು ಕಿಲೋ. ತಾನೇ ಉರುಳುವ ಮಿಕ್ಸರನ್ನು ಭೌತಶಾಸ್ತ್ರ ಇನ್ನೂ ಕಂಡಿಲ್ಲ. ಪರೀಕ್ಷೆಯ ನಿಯಮಗಳಿಗೆ ಅದು ವಿರುದ್ಧವೆಂದು ವಿನಯಪೂರ್ವಕವಾಗಿ ನಿರಾಕರಿಸಿದೆ.

"ಅಣ್ಣ, ಬಿಡು," ಎಂದಳು ಶಾಂತಮ್ಮ. "ಇವತ್ತು ಇವರಿಗೆ ಪರೀಕ್ಷೆ."

ಮೇಳಿಗೆಯ ಮದುವೆ ಮನೆಗೆ ರಸ್ತೆಯಿಂದ ಒಂದು ಕಿರಿದಾದ ಮಣ್ಣಿನ ಏರು. ಧೂಳೇಳದಿರಲೆಂದು ಮನೆಯವರು ಅದಕ್ಕೆ ಧಾರಾಳವಾಗಿ ನೀರು ಹೊಡೆದಿದ್ದರು. ಪಿಕಪ್ಪು ಅರ್ಧ ಏರಿ ನಿಂತಿತು. ಹಿಂದಿನ ಚಕ್ರಗಳು ಗಿರ್ರನೆ ತಿರುಗಿದವು, ಗಾಡಿ ಮಾತ್ರ ಅಲುಗಲಿಲ್ಲ.

"ಹಿಂದೆ ಲೋಡ್ ಇಲ್ಲ ಸಾರ್," ಎಂದ ದಿನೇಶ್. "ಟೈರಿಗೆ ಹಿಡಿತ ಸಿಗ್ತಿಲ್ಲ."

"ಖಾಲಿ ಗಾಡಿ ಹತ್ತುವುದಿಲ್ಲ, ತುಂಬಿದ ಗಾಡಿ ಹತ್ತುತ್ತದೆ ಎನ್ನುತ್ತೀಯಾ?"

"ನಾನೆಂತ ಹೇಳದು ಸಾರ್, ಗಾಡಿನೇ ಹೇಳ್ತಿದೆ."

ಅಷ್ಟರಲ್ಲಿ ಹಿಂದಿನಿಂದ ಹಾರನ್. ಯಾರದೋ ಹಳೆಯ ಜೀಪಿನಲ್ಲಿ ಸಿಮೆಂಟು ಹೇರಿ, ಮಿಕ್ಸರನ್ನು ಹಿಂದೆ ಕಟ್ಟಿಕೊಂಡು ಹೂವಪ್ಪ ಬಂದಿದ್ದ. ನಾವು ಮುಂದೆ ಹೋಗದೆ ಅವನಿಗೂ ದಾರಿಯಿಲ್ಲ. ಆ ಜೀಪಿನ ಮೈಲೇಜೆಷ್ಟೆಂದು ಕೇಳಿದೆ.

"ಏಳೋ ಎಂಟೋ. ಯಾರು ಅಳೆದ್ರು ಬಾವ?"

ಐದು ಮೂಟೆಯನ್ನೂ ನಮ್ಮ ಗಾಡಿಗೆ ಹಾಕಿಸಿದ. ಗಾಡಿ ನಾಲ್ಕು ಮಾರು ಏರಿ ಮತ್ತೆ ಜಾರಿತು.

"ಇನ್ನೊಂಚೂರು ಭಾರ ಇದ್ದಿದ್ರೆ..." ಎಂದು ದಿನೇಶ್ ಆಕಾಶ ನೋಡಿದ. ಶಾಂತಮ್ಮ ನನ್ನನ್ನು ನೋಡಿದಳು.

"ಸರಕು ವಾಹನದ ಹಿಂಭಾಗದಲ್ಲಿ ಮನುಷ್ಯರು ಕೂರುವುದು ನಿಯಮಬಾಹಿರ," ಎಂದೆ.

"ಇದು ರಸ್ತೆ ಅಲ್ಲ ರೀ, ಮದುವೆ ಮನೆ ದಾರಿ. ಯಮುನಮ್ಮ ಆಗ್ಲೇ ಎರಡು ಸಲ ಫೋನ್ ಮಾಡಿದಾರೆ. ಹತ್ತಿ."

ಎಂಬತ್ತೊಂದು ಕಿಲೋ ತೂಗುವ ನಾನು ಬಿಳಿ ಪಂಚೆಯಲ್ಲಿ ಸಿಮೆಂಟಿನ ಮೇಲೆ ಆಸೀನನಾದೆ. ಗಾಡಿ ಸಲೀಸಾಗಿ ಏರಿತು. ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದ ಬೀಗರು ಎದ್ದುನಿಂತು ನನಗೆ ನಮಸ್ಕರಿಸಿದರು.

ಇಳಿದವನೇ ಪರದೆ ನೋಡಿದೆ. ಹದಿನೇಳು ಪಾಯಿಂಟ್ ಎರಡು.

"ಹೋಗ್ಲಿ, ಗೆದ್ರಲ್ಲ," ಎಂದಳು ಶಾಂತಮ್ಮ, ಮುಖ ಸಪ್ಪಗೆ ಮಾಡಿಕೊಂಡು. "ಇನ್ಮೇಲೆ ನೀವು ಹೇಳಿದಷ್ಟೇ ಹೇರ್ತೀನಿ."

ಇಲ್ಲಿಗೆ ನಾನು ಬಾಯಿ ಮುಚ್ಚಬಹುದಿತ್ತು. ಆದರೆ ಆ ಏರೊಂದರಲ್ಲೇ, ಓಡಿದ ದೂರ ತೋರಿಸುವ ಓಡೋಮೀಟರಿನಲ್ಲಿ ಒಂದು ಕಿಲೋಮೀಟರ್ ಕೂಡಿಕೊಂಡಿತ್ತು. ಕೆಳಗಿಳಿದು ಹೆಜ್ಜೆ ಹಾಕಿ ಅಳೆದೆ. ಏರಿನ ಉದ್ದ ಅರವತ್ತು ಮೀಟರ್! ಉಳಿದದ್ದೆಲ್ಲ ಚಕ್ರ ನಿಂತಲ್ಲೇ ತಿರುಗಿದ್ದು. ಚಲಿಸದ ದೂರವನ್ನು ದೂರವೆಂದು ಒಪ್ಪಲು ನನ್ನ ಮೂವತ್ತೊಂದು ವರ್ಷದ ಸೇವೆ ಬಿಡಲಿಲ್ಲ. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಭಾಗಾಕಾರ ಬರೆದು ಎಲ್ಲರಿಗೂ ವಿವರಿಸಿದೆ.

"ನಿಜವಾದ ಮೈಲೇಜು ಹದಿನಾರು ಪಾಯಿಂಟ್ ಒಂಬತ್ತು. ಪರದೆ ಸುಳ್ಳು ಹೇಳುತ್ತಿದೆ."

ಹೂವಪ್ಪ ನನ್ನ ಪಂಚೆಯ ಸಿಮೆಂಟು ಕೊಡವುತ್ತ, "ಬಾವ, ಗೆದ್ದಿದ್ದನ್ನ ವಾದ ಮಾಡಿ ಸೋತವರನ್ನ ನಾನು ನೋಡಿದ್ದು ಇದೇ ಮೊದ್ಲು," ಎಂದ.

"ಅವರು ಹೇಳಿದ್ಮೇಲೆ ಸರಿಯಾಗೇ ಇರ್ತದೆ ಅಣ್ಣ," ಎಂದಳು ಶಾಂತಮ್ಮ. ನಲವತ್ತು ವರ್ಷದ ದಾಂಪತ್ಯದಲ್ಲಿ ಆಕೆ ನನ್ನ ಲೆಕ್ಕವನ್ನು ಒಪ್ಪಿದ ಏಕೈಕ ಸಂದರ್ಭವಿದು.

ಪಾತ್ರೆಗಳು ಹೊತ್ತಿಗೆ ಸರಿಯಾಗಿ ಸಾಗರ ತಲುಪಿದವು. ನಾನು ಮಾತಿಗೆ ತಪ್ಪಿಲ್ಲ, ಆ ಪದ ನನ್ನ ಬಾಯಿಂದ ಬಂದಿಲ್ಲ. ಆದರೆ ಗುಡ್ಡದ ಮೇಲಿನ ಮನೆಗಳಿಂದ ಪಾತ್ರೆ ತರಲು ಖಾಲಿ ಗಾಡಿ ಹೊರಟಾಗಲೆಲ್ಲ ನನಗೂ ಕರೆ ಬರುತ್ತದೆ. ನಿನ್ನೆ ದಿನೇಶನಿಗೆ ಆಕೆ ಬರೆದುಕೊಟ್ಟ ಚೀಟಿಯನ್ನು ಅಕ್ಷರಶಃ ದಾಖಲಿಸುತ್ತೇನೆ:

"ಹೋಗುವಾಗ: ನಮ್ಮನೆಯವರು. ಬರುವಾಗ: ಕೊಪ್ಪರಿಗೆ ಮೂರು, ಬಾಣಲೆ ಎರಡು, ಇಡ್ಲಿ ಪಾತ್ರೆ ನಾಲ್ಕು. ನಮ್ಮನೆಯವರನ್ನು ಬಸ್ಸಿಗೆ ಹತ್ತಿಸುವುದು."