ಹೀರೇಬೀಜದ ಹಿಂದೆ ಬಿದ್ದವರು

ಬೀಜ ಕೂಡಿಡುವವರೆಂದರೆ ಶಾಂತ ಜನ ಎಂದು ತಿಳಿದವರು ತಿಂಗಳ ಮೊದಲ ರವಿವಾರ ನಾರಾಯಣಗೂಡದ ನಮ್ಮ ಟೆರೇಸಿಗೆ ಬರಬೇಕು. ಹತ್ತು-ಹನ್ನೆರಡು ಮನೆಯವರು ಸೇರುತ್ತೇವೆ. ಕುಂಡಗಳಲ್ಲಿ ಬೆಳೆದ ನಮ್ಮ ನಮ್ಮ ಊರಿನ ತರಕಾರಿ ಬೀಜ ಹಂಚಿಕೊಳ್ಳುತ್ತೇವೆ. ನಿಯಮಗಳನ್ನು ಬರೆದವನು ನಾನು. ನಿಯಮ ಹೆಚ್ಚಿದಷ್ಟೂ ಫಜೀತಿ ಹೆಚ್ಚಿತು. ಎರಡಕ್ಕೂ ಸಂಬಂಧವಿಲ್ಲ ಎಂದೇ ಇಂದಿಗೂ ನನ್ನ ನಂಬಿಕೆ.

ಪೊಟ್ಟಣದ ಮೇಲಿನ ಬರಹ

ಮೊದಲ ನಿಯಮ: ಪ್ರತಿ ಪೊಟ್ಟಣದ ಮೇಲೆ ಬೀಜದ ಹೆಸರು, ಊರು, ಕಿತ್ತ ತಿಂಗಳು ಮತ್ತು ಗುಣ ಬರೆಯತಕ್ಕದ್ದು. 'ಗುಣ' ಎಂದು ಸೇರಿಸಿದ್ದು ತಪ್ಪಾಯಿತು. ಟೀಚರೊಬ್ಬರು ಮೆಣಸಿನಕಾಯಿ ಬೀಜದ ಮೇಲೆ ಬರೆದರು: "ನಮ್ಮ ಅತ್ತೆಯವರಂತೆ. ನೋಡಲು ಸಣ್ಣದು, ಖಾರ ಬಹಳ."

ಅತ್ತೆಯವರು ಪಕ್ಕದಲ್ಲೇ ಕೂತಿದ್ದರು. ಓದಿದರು, ಸಿಟ್ಟಾಗಲಿಲ್ಲ. "ಪೆನ್ ಕೊಡ್ರಿ ಇಲ್ಲೆ" ಎಂದು ತಮ್ಮ ಮೆಂತ್ಯದ ಪೊಟ್ಟಣದ ಮೇಲೆ ಬರೆದರು: "ಸುಲಭ ಬೆಳೆ. ಯಾರು ಹಾಕಿದರೂ ಬರುತ್ತದೆ. ಸೊಸೆ ಹಾಕಿದರೆ ಹೇಳಲಾಗದು."

ಅಂದೇ ನಾನು 'ಗುಣ'ವನ್ನು ಹೊಡೆದುಹಾಕಲು ಹೋದೆ. ಅತ್ತೆ-ಸೊಸೆ ಇಬ್ಬರೂ ಒಟ್ಟಿಗೆ ತಡೆದರು: "ಇರಲಿ ಬಿಡ್ರಿ. ಬೀಜ ಒಯ್ಯಾಕ ಯಾರು ಬರ್ತಾರ? ಎಲ್ಲಾರೂ ಅದನ್ನ ಓದಾಕ ಬರಾಕತ್ತಾರ."

ಸ್ಪೆಸಿಮನ್ ನಂಬರ್ ಒನ್

ನಮ್ಮಲ್ಲಿ ಒಂದು ಹೀರೇಕಾಯಿ ತಳಿ ಇತ್ತು. ರಾಯಚೂರು ಕಡೆಯ ಹಳ್ಳಿಯಿಂದ ನನ್ನ ಹೆಂಡತಿಯ ಚಿಗವ್ವ ಕಳಿಸಿದ್ದು. ಮೇ ತಿಂಗಳಲ್ಲಿ ಟೆರೇಸು ಕಾದ ಹಂಚಾದಾಗ ಅಂಗಡಿ ಬೀಜದ ಬಳ್ಳಿಗಳು ಮಲಗಿಬಿಡುತ್ತವೆ, ಇದು ಮಾತ್ರ ಕಾಯಿ ಬಿಡುತ್ತದೆ. ಒಂದು ವರ್ಷ ರೋಗ ಬಿದ್ದು ಈ ತಳಿಯ ಎಲ್ಲರ ಬಳ್ಳಿಯೂ ಹೋಗಿ ನನ್ನದೊಂದೇ ಉಳಿದಿತ್ತು. ಒಂದು ಕಾಯನ್ನು ಬೀಜಕ್ಕೆ ಬಿಟ್ಟು ಬಳ್ಳಿಯಲ್ಲೇ ಒಣಗಿಸಿದೆ. ಇಂಗ್ಲಿಷಿನಲ್ಲಿ 'ಸ್ಪೆಸಿಮನ್ ನಂಬರ್ ಒನ್' ಎಂದು ಚೀಟಿ ಕಟ್ಟಿ, ಗಾಳಿಯಾಡಲೆಂದು ಬಚ್ಚಲ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದೆ. 'ಬೀಜ ಕಳೆದವರಿಗೆ ಮುಂದೆ ಬೀಜವಿಲ್ಲ' ಎಂಬುದು ನಮ್ಮ ಐದನೆಯ ನಿಯಮ.

ಉಪ್ಪಲ್‌ನಲ್ಲಿ ಕ್ರಿಕೆಟ್ ನೋಡಲು ಕಲಬುರಗಿಯಿಂದ ಹೆಂಡತಿಯ ತಮ್ಮ ಬಂದಿದ್ದ. ಬೆಳಿಗ್ಗೆ ಸ್ನಾನ ಮುಗಿಸಿ ಹೊಸ ತಾಮ್ರದ ಕೊಡದಂತೆ ಥಳಥಳಿಸುತ್ತ ಹೊರಗೆ ಬಂದ.

"ಮಾವಾರ, ನಿಮ್ಮ ಮೈ ತಿಕ್ಕೋ ನಾರು ಭಾಳ ಚಲೋ ಐತ್ರಿ. ಒಳಗ ಏನೋ ಕರೇ ಕಾಳಿದ್ವು, ಚುಚ್ಚತಿದ್ವು. ಝಾಡಿಸಿ ನೀರು ಬಿಟ್ಟೀನಿ."

"ಚೀಟಿ ಕಟ್ಟಿದ್ನಲ್ಲೋ! ಕಾಣಲಿಲ್ಲೇನು?"

"ಕಂಡಿತ್ರಿ. ಕಂಪನಿ ಹೆಸರು ಅನ್ಕೊಂಡೆ."

ಸರ್ವಾನುಮತ

ಮುಂದಿನ ಸಭೆಯಲ್ಲಿ ಎದ್ದು ನಿಂತು ನಡೆದದ್ದನ್ನು ಹೇಳಿದೆ. ನಿಯಮ ಬರೆದವನಿಗೂ ನಿಯಮ ಒಂದೇ. "ಆದ್ದರಿಂದ ನನ್ನನ್ನು ಹೊರಗಿಡಬೇಕು. ಒಪ್ಪಿಗೆ ಇದ್ದವರು..." ಮಾತು ಮುಗಿಯುವ ಮೊದಲೇ ಟೆರೇಸಿನ ತುಂಬ ಕೈಗಳು. ನನ್ನ ಹೆಂಡತಿಯವು ಎರಡು.

ಗಡಿಗೆಯ ಪ್ರಯಾಣ

ಬರುವ ತಿಂಗಳೊಳಗೆ ಅದೇ ಬೀಜ ತಂದರೆ ಮಾಫಿ ಎಂದು ಮೆಂತ್ಯದ ಅತ್ತೆಯವರು ದಯೆ ತೋರಿದರು. ಹೆಂಡತಿಯೊಂದಿಗೆ ಚಿಗವ್ವನ ಹಳ್ಳಿಗೆ ಓಡಿದೆ. ಅವರ ಬಳಿಯೂ ಉಳಿದದ್ದು ಒಂದೇ ಹಿಡಿ. ಹುಳ ಬೀಳದಂತೆ ಸಣ್ಣ ಮಣ್ಣಿನ ಗಡಿಗೆಯಲ್ಲಿ ಒಲೆಬೂದಿಯೊಳಗೆ ಹೂತಿಟ್ಟು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದರು.

"ಬಿತ್ತೂತನಕ ಬಿಚ್ಚಬ್ಯಾಡ್ರಿ ಅಳಿಯಾರ. ಗಡಿಗಿ ಸಮೇತ ಒಯ್ರಿ."

ಮನೆಗೆ ಮರಳುವ ಕಾಚಿಗೂಡದ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಡಿಗೆಯನ್ನು ಎದೆಗವಚಿ ನಿಂತೆ. ಯಾರದಾದರೂ ಮೊಣಕೈ ತಾಗಿದರೆ ತಳಿಯೂ ಹೋಯಿತು, ನನ್ನ ಮಾನವೂ ಹೋಯಿತು. ಕಿಟಕಿ ಬಳಿಯ ಅಜ್ಜಿಯೊಬ್ಬರು ಗಡಿಗೆ ನೋಡಿದರು, ಬಿಳಿ ಬಟ್ಟೆ ನೋಡಿದರು, ನನ್ನ ಅಂಗಿಯ ಮೇಲೆ ಉದುರಿದ ಬೂದಿ ನೋಡಿದರು. ಕೈ ಮುಗಿದು ಎದ್ದುಬಿಟ್ಟರು.

"ಸರೀರಿ ಎಲ್ಲಾರೂ! ಅಸ್ಥಿ ಐತಿ!"

ಅರ್ಧ ಬೋಗಿ ಎದ್ದು ನಿಂತಿತು. ನಮ್ಮಿಬ್ಬರಿಗೂ ಸೀಟು ಸಿಕ್ಕಿತು.

ಸುಳ್ಳಿನ ಸೀಟಿನಲ್ಲಿ ಕೂರುವವನಲ್ಲ ನಾನು. ಬಾಯಿ ತೆರೆದೆ. ಹೆಂಡತಿ ತೊಡೆ ಚಿವುಟಿದಳು. "ಸುಮ್ನ ಕೂಡ್ರಿ. ಸೀಟು ಹೋದ್ರ ಗಡಿಗಿನೂ ಹೋತು." ಎರಡು ಸ್ಟೇಷನ್ ತಡೆದೆ. ಎದುರು ನಿಂತಿದ್ದ ಹಿರಿಯರೊಬ್ಬರು ಚಹಾ ತಂದು, "ಧೈರ್ಯ ತಗೋರಿ" ಎಂದು ಕೈಗಿಟ್ಟಾಗ ತಡೆಯಲಾಗಲಿಲ್ಲ.

"ನೋಡ್ರಿ, ಯಾರೂ ಸತ್ತಿಲ್ಲ. ಇದರಾಗ ಇರೂದು ಹೀರೇಕಾಯಿ."

ಹೆಂಡತಿ ನಗು ತಡೆಯಲಾರದೆ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಭುಜಗಳು ಕುಲುಕುತ್ತಿದ್ದವು. ಅಜ್ಜಿ ಅವಳ ಬೆನ್ನು ಸವರಿದರು.

"ಅಳಬ್ಯಾಡವ್ವಾ. ಗಂಡಸರು ಬಾಯಿಬಿಟ್ಟು ಅಳೂದಿಲ್ಲ, ತಲಿಗೆ ಹಚ್ಕೊಂತಾರ. ಸಾವಕಾಶ ಆರಾಮ ಆಗ್ತಾರ."

"ಅಮ್ಮಾರ, ಖರೇ ಹೇಳಾಕತ್ತೀನ್ರಿ! ಹೀರೇಕಾಯಿ!"

ಜನ ಇನ್ನೂ ಒಂದು ಗೇಣು ಹಿಂದೆ ಸರಿದರು. ಕಾಚಿಗೂಡ ಬಂದಾಗ ಇಬ್ಬರು "ಜರಗಂಡಿ, ಜರಗಂಡಿ" ಎಂದು ದಾರಿ ಬಿಡಿಸಿದರು. ಗಡಿಗೆ ಒಂದು ಗೀರೂ ಬೀಳದೆ ಪ್ಲಾಟ್‌ಫಾರ್ಮಿಗೆ ಇಳಿಯಿತು. ಚಹಾ ಕೊಟ್ಟ ಹಿರಿಯರು ಹಿಂದೆಯೇ ಇಳಿದು ಬಂದರು. ಕಣ್ಣೊರೆಸಿಕೊಂಡು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಹೀರೇಕಾಯಿ ಅಂದ್ರ ತೀರಿಕೊಂಡವರಿಗೆ ಅಷ್ಟು ಸೇರ್ತಿತ್ತೇನ್ರಿ?"